ಅರ್ಧ ಮಿಲಿಮೀಟರಿನ ಲೆಕ್ಕ: ಬಿಡಿಭಾಗಗಳಿಂದ ಜೋಡಿಸುವ ಎಲೆಕ್ಟ್ರಿಕ್ ಗಿಟಾರಿನ ಕತ್ತು ಮತ್ತು ತಂತಿಯ ಎತ್ತರ

ಒಂದು ಉತ್ಪನ್ನದ ಎಲ್ಲ ಬಿಡಿಭಾಗಗಳೂ ಉತ್ತಮ ಗುಣಮಟ್ಟದವಾಗಿದ್ದು, ಜೋಡಿಸಿದ ಮೇಲೆ ಆ ಉತ್ಪನ್ನ ಮಾತ್ರ ಗ್ರಾಹಕನಿಗೆ ಒಪ್ಪಿಗೆಯಾಗದೆ ಹಿಂದಿರುಗಿ ಬರುವುದು ಸಣ್ಣ ಉದ್ಯಮಿಗಳಿಗೆ ಹೊಸ ಅನುಭವವಲ್ಲ. ಮರ ಒಳ್ಳೆಯದು, ಲೋಹದ ಭಾಗಗಳು ಒಳ್ಳೆಯವು, ಬಣ್ಣದ ಕೆಲಸವೂ ಅಚ್ಚುಕಟ್ಟು. ಆದರೆ ವಸ್ತು ಕೆಲಸ ಮಾಡುವುದಿಲ್ಲ. ಇದಕ್ಕೆ ಕಾರಣ ಸಾಮಾನ್ಯವಾಗಿ ಯಾವುದೋ ಒಂದು ಭಾಗದಲ್ಲಿರದೆ, ಭಾಗ ಭಾಗಗಳ ನಡುವಿನ ಸಂಧಿಯಲ್ಲಿರುತ್ತದೆ. ಈ ಮಾತಿಗೆ ಎಲೆಕ್ಟ್ರಿಕ್ ಗಿಟಾರಿನಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ.

ಗಿಟಾರಿನ ಒಡಲು, ಕತ್ತು, ತಂತಿಗಳು ಕುಳಿತುಕೊಳ್ಳುವ ಲೋಹದ ಜೋಡಣೆ ಇವುಗಳನ್ನು ಬೇರೆ ಬೇರೆ ಕಡೆಗಳಿಂದ ಕೊಂಡು ಮನೆಯಲ್ಲಿ ಅಥವಾ ಸಣ್ಣ ಕಾರ್ಯಾಗಾರದಲ್ಲಿ ಜೋಡಿಸುವ ಪದ್ಧತಿ ಇಂದು ಜಗತ್ತಿನಾದ್ಯಂತ ಹರಡಿದೆ. ಹವ್ಯಾಸವಾಗಿ ಆರಂಭಿಸಿದ ಹಲವರು ಅದನ್ನೇ ಸಣ್ಣ ಪ್ರಮಾಣದ ಉದ್ಯೋಗವಾಗಿ ಬೆಳೆಸಿಕೊಂಡಿರುವುದೂ ಉಂಟು. ಇಂತಹ ವಾದ್ಯ ಮಾರಾಟವಾಗುತ್ತದೆಯೋ ಮೂಲೆಗೆ ಸೇರುತ್ತದೆಯೋ ಎಂಬುದನ್ನು ನಿರ್ಧರಿಸುವುದು ಎರಡು ಸಂಗತಿಗಳು: ಕತ್ತು ಒಡಲಿಗೆ ಹೇಗೆ ಕುಳಿತಿದೆ, ತಂತಿಗಳು ಎಷ್ಟು ಎತ್ತರದಲ್ಲಿವೆ. ತಂತಿ ಅಗತ್ಯಕ್ಕಿಂತ ಒಂದು ಮಿಲಿಮೀಟರು ಮೇಲಿದ್ದರೆ ನುಡಿಸುವವನ ಬೆರಳು ನೋಯುತ್ತದೆ, ಒತ್ತಿದಾಗ ಸ್ವರ ಏರುತ್ತದೆ. ಅರ್ಧ ಮಿಲಿಮೀಟರು ಕೆಳಗಿದ್ದರೆ ತಂತಿ ಲೋಹಕ್ಕೆ ತಗುಲಿ ಕರಕರ ಸದ್ದು ಮಾಡುತ್ತದೆ.

ವೀಣೆಯ ಪರಿಭಾಷೆಯಲ್ಲಿ ಗಿಟಾರು

ನಮ್ಮ ಓದುಗರಿಗೆ ಸರಸ್ವತಿ ವೀಣೆ ಪರಿಚಿತವಾದುದರಿಂದ ಅದರ ಪದಗಳನ್ನೇ ಬಳಸುವುದು ಅನುಕೂಲ. ವೀಣೆಯ ದಂಡಿಗೆ ಸಮನಾದುದು ಗಿಟಾರಿನ ಕತ್ತು. ವೀಣೆಯಂತೆಯೇ ಇಲ್ಲಿಯೂ ಮೆಟ್ಟಿಲುಗಳಿವೆ; ಅವು ಬೆರಳುಹಲಗೆಯ ಮೇಲೆ ಸಾಲಾಗಿ ಕುಳಿತ ಲೋಹದ ಪಟ್ಟಿಗಳು. ತಂತಿಗಳನ್ನು ಹೊರುವ ಕುದುರೆ ಇಲ್ಲಿ ಬ್ರಿಡ್ಜ್ ಎನಿಸಿಕೊಳ್ಳುತ್ತದೆ. ಆ ಕುದುರೆಯಲ್ಲಿ ಪ್ರತಿ ತಂತಿಗೂ ಒಂದೊಂದು ಚಿಕ್ಕ ಆಸನವಿದ್ದು, ತಿರುಪಿನಿಂದ ಅದನ್ನು ಏರಿಸಿ ಇಳಿಸಬಹುದು. ಕತ್ತಿನ ಇನ್ನೊಂದು ತುದಿಯಲ್ಲಿ, ಬಿರಡೆಗಳ ಬಳಿ, ತಂತಿಗಳು ಹಾದುಹೋಗುವ ಸೀಳುಗಳುಳ್ಳ ಗಟ್ಟೆ ಇರುತ್ತದೆ.

ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುತ್ತವೆ. ಎತ್ತರ ತಪ್ಪಿದರೆ ಕುಶಲಕರ್ಮಿಯು ಮೇಣವನ್ನು ಕರಗಿಸಿ ಮೆಟ್ಟಿಲನ್ನು ಪುನಃ ಕೂರಿಸುತ್ತಾನೆ. ಗಿಟಾರಿನ ಮೆಟ್ಟಿಲು ಮರದಲ್ಲಿಯೇ ನಾಟಿಕೊಂಡಿರುವುದರಿಂದ ಅಲ್ಲಿ ಈ ಸೌಕರ್ಯವಿಲ್ಲ. ಆದಕಾರಣ ಹೊಂದಾಣಿಕೆಯ ಭಾರವೆಲ್ಲವೂ ಕುದುರೆ, ಕತ್ತಿನ ಬಾಗು ಮತ್ತು ಕತ್ತಿನ ಕೋನ ಈ ಮೂರರ ಮೇಲೆ ಬೀಳುತ್ತದೆ.

ತಿರುಪಿನಿಂದ ಬೆಳೆದ ಉದ್ಯಮ

ಕತ್ತನ್ನು ಒಡಲಿಗೆ ಅಂಟಿಸದೆ ತಿರುಪುಗಳಿಂದ ಬಿಗಿಯುವ ಪದ್ಧತಿಯನ್ನು ವಾಣಿಜ್ಯ ಪ್ರಮಾಣದಲ್ಲಿ ಯಶಸ್ವಿಗೊಳಿಸಿದ ಕೀರ್ತಿ ಅಮೆರಿಕದ ಲಿಯೋ ಫೆಂಡರ್ ಅವರಿಗೆ ಸಲ್ಲುತ್ತದೆ. ಅವರು ಸಂಗೀತಗಾರರಾಗಿರಲಿಲ್ಲ, ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ 1938ರಲ್ಲಿ ರೇಡಿಯೋ ದುರಸ್ತಿ ಅಂಗಡಿ ತೆರೆದವರು. ದುರಸ್ತಿ ಮಾಡುವವನ ದೃಷ್ಟಿಯಿಂದಲೇ ಅವರು ವಾದ್ಯವನ್ನು ಕಂಡರು. 1950ರಲ್ಲಿ ಅವರ ಕಾರ್ಖಾನೆಯಿಂದ ಹೊರಬಂದ ಗಿಟಾರಿನಲ್ಲಿ ಒಡಲು ಒಂದು ಘನವಾದ ಹಲಗೆ, ಕತ್ತು ಮೇಪಲ್ ಮರದ ಪ್ರತ್ಯೇಕ ಭಾಗ. ಎರಡನ್ನೂ ನಾಲ್ಕು ತಿರುಪುಗಳು ಹಿಡಿದಿಡುತ್ತಿದ್ದವು. 1951ರಲ್ಲಿ ಇದಕ್ಕೆ ಟೆಲಿಕಾಸ್ಟರ್ ಎಂಬ ಹೆಸರಾಯಿತು. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಿತು. 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆಯು ಈ ಉದ್ಯಮವನ್ನು 130 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು.

ತಿರುಪಿನ ಜೋಡಣೆಯಿಂದ ಮೂರು ಲಾಭಗಳಾದವು. ಒಡಲನ್ನೂ ಕತ್ತನ್ನೂ ಬೇರೆ ಬೇರೆ ವಿಭಾಗಗಳಲ್ಲಿ ಏಕಕಾಲಕ್ಕೆ ತಯಾರಿಸಬಹುದಾಯಿತು. ಅಂಟು ಒಣಗುವವರೆಗೆ ಕಾಯಬೇಕಾದ ಅವಧಿ ಉಳಿಯಿತು. ಕತ್ತು ಕೆಟ್ಟರೆ ವಾದ್ಯವನ್ನೇ ಎಸೆಯದೆ ಕತ್ತನ್ನಷ್ಟೇ ಬದಲಾಯಿಸಬಹುದಾಯಿತು. ಇಂದು ಮನೆಯಲ್ಲಿ ಗಿಟಾರು ಜೋಡಿಸುವವರು ಅನುಸರಿಸುತ್ತಿರುವುದು ಬಹುಮಟ್ಟಿಗೆ ಇದೇ ಪದ್ಧತಿ, ಇದೇ ಅಳತೆಗಳು. ಗಟ್ಟೆಯಿಂದ ಕುದುರೆಯವರೆಗಿನ ತಂತಿಯ ಉದ್ದ 25.5 ಅಂಗುಲ, ಅಂದರೆ ಸುಮಾರು 648 ಮಿ.ಮೀ.; ಕತ್ತು ಕೂರುವ ಗುಳಿಯ ಆಳ 5/8 ಅಂಗುಲ, ಸುಮಾರು 15.9 ಮಿ.ಮೀ.; ಕತ್ತಿನ ಹಿಮ್ಮಡಿಯ ದಪ್ಪ 1 ಅಂಗುಲ, ಅಂದರೆ 25.4 ಮಿ.ಮೀ. ಈ ಲೆಕ್ಕದಂತೆ ಬೆರಳುಹಲಗೆ ಒಡಲಿನ ಮೇಲ್ಮೈಗಿಂತ 9.5 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ.

ಸಣ್ಣ ವ್ಯತ್ಯಾಸಗಳ ಕೂಡಿಕೆ

ಸಮಸ್ಯೆ ಆರಂಭವಾಗುವುದು ಇಲ್ಲಿಯೇ. ಒಂದೇ ಕಾರ್ಖಾನೆಯಲ್ಲಿ ತಯಾರಾದ ಒಡಲು ಮತ್ತು ಕತ್ತುಗಳು ಒಂದೇ ಅಳತೆಪಟ್ಟಿಗೆ ಬದ್ಧವಾಗಿರುತ್ತವೆ. ಬಿಡಿಯಾಗಿ ಕೊಂಡ ಭಾಗಗಳು ಹಾಗಲ್ಲ. ಒಂದು ಉದಾಹರಣೆಯನ್ನು ನೋಡೋಣ. ಗುಳಿಯು 0.3 ಮಿ.ಮೀ. ಹೆಚ್ಚು ಆಳವಾಗಿದೆ. ಕತ್ತಿನ ಹಿಮ್ಮಡಿಯು 0.3 ಮಿ.ಮೀ. ತೆಳುವಾಗಿದೆ. ಕುದುರೆಯ ಆಸನವು, ಪೂರ್ತಿ ಇಳಿಸಿದ ಮೇಲೂ, 0.3 ಮಿ.ಮೀ. ಎತ್ತರವಾಗಿಯೇ ಉಳಿಯುತ್ತದೆ. ಈ ಮೂರೂ ಸೇರಿ ಕುದುರೆಯ ಬಳಿ ತಂತಿಯು ಇರಬೇಕಾದುದಕ್ಕಿಂತ 0.9 ಮಿ.ಮೀ. ಮೇಲಾಯಿತು.

ಇದಕ್ಕೆ ನಾಲ್ಕನೆಯದೊಂದು ಸೇರಲಿ: ಗುಳಿಯ ತಳವು ಸಮತಟ್ಟಾಗಿರದೆ ಕುದುರೆಯ ಕಡೆಗೆ 0.3 ಮಿ.ಮೀ. ಇಳಿಜಾರಾಗಿದೆ ಎಂದುಕೊಳ್ಳೋಣ. ಗುಳಿಯ ಉದ್ದ ಸುಮಾರು 76 ಮಿ.ಮೀ. ಗುಳಿಯ ಮುಂಭಾಗದ ಅಂಚಿನಿಂದ, ಅಂದರೆ ಸುಮಾರು 16ನೆಯ ಮೆಟ್ಟಿಲಿನಿಂದ, ಕುದುರೆಗೆ 257 ಮಿ.ಮೀ. ದೂರ. ಅಂದರೆ ಗುಳಿಯೊಳಗಿನ ತಪ್ಪು ಕುದುರೆಯನ್ನು ಮುಟ್ಟುವಷ್ಟರಲ್ಲಿ ಸುಮಾರು 3.4 ಪಟ್ಟು ಬೆಳೆದಿರುತ್ತದೆ. 0.3 ಮಿ.ಮೀ. ಇಳಿಜಾರು ಅಲ್ಲಿ 1 ಮಿ.ಮೀ. ಆಗುತ್ತದೆ. ಒಟ್ಟು ವ್ಯತ್ಯಾಸ 1.9 ಮಿ.ಮೀ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಇದರ ಅರ್ಧ, ಅಂದರೆ 0.95 ಮಿ.ಮೀ. ಕಾಣಿಸುತ್ತದೆ. 1.8 ಮಿ.ಮೀ. ಇರಬೇಕಾದ ತಂತಿ 2.75 ಮಿ.ಮೀ. ಎತ್ತರದಲ್ಲಿ ನಿಂತಿದೆ; ಕುದುರೆಯ ತಿರುಪು ಇನ್ನು ಇಳಿಯುವಂತಿಲ್ಲ.

ನಾಲ್ಕು ಭಾಗಗಳ ಪೈಕಿ ಯಾವುದನ್ನು ಪ್ರತ್ಯೇಕವಾಗಿ ಅಳೆದರೂ ದೋಷ 0.3 ಮಿ.ಮೀ. ಮಾತ್ರ. ಯಾವ ಸರಬರಾಜುದಾರನನ್ನೂ ದೂರುವಂತಿಲ್ಲ. ವಾದ್ಯವಂತೂ ಮಾರಾಟಕ್ಕೆ ಯೋಗ್ಯವಲ್ಲ.

ಕತ್ತನ್ನು ಗುಳಿಗೆ ಕೂರಿಸುವ ಕ್ರಮ

ಕೋನದ ವಿಚಾರಕ್ಕೆ ಹೋಗುವ ಮುನ್ನ ಕತ್ತು ಗುಳಿಯ ತಳಕ್ಕೆ ನಿಜವಾಗಿ ತಗುಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಗುಳಿಯೊಳಗೆ ಬಣ್ಣ ಅಥವಾ ವಾರ್ನಿಷ್ ಹೆಪ್ಪುಗಟ್ಟಿದ್ದರೆ ಅದನ್ನು ತೆಗೆಯಬೇಕು. ಮೂಲೆಗಳಲ್ಲಿ ಉಳಿದ ಬಣ್ಣದ ಒಂದು ಸಣ್ಣ ಗಂಟು ಕೂಡ ಕತ್ತನ್ನು ಓರೆಯಾಗಿಸಬಲ್ಲದು. ಕತ್ತು ಕೈಯ ಒತ್ತಡದಿಂದ ಒಳಗಿಳಿಯಬೇಕು. ಸುತ್ತಿಗೆಯ ಅಗತ್ಯ ಬೀಳಬಾರದು. ಅತಿ ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಗುಳಿಯ ಅಂಚಿನ ಬಣ್ಣ ಬಿರುಕು ಬಿಡುತ್ತದೆ. ಅತಿ ಸಡಿಲವಾದರೆ ಕತ್ತು ಪಕ್ಕಕ್ಕೆ ಸರಿದು ಅಂಚಿನ ತಂತಿ ಬೆರಳುಹಲಗೆಯಿಂದ ಜಾರಿಬೀಳುತ್ತದೆ.

ತಿರುಪುಗಳ ರಂಧ್ರಗಳ ವಿಷಯದಲ್ಲಿ ಹೊಸಬರು ಗಮನಿಸದ ಒಂದು ಸೂಕ್ಷ್ಮವಿದೆ. ಒಡಲಿನಲ್ಲಿರುವ ರಂಧ್ರದ ಮೂಲಕ ತಿರುಪು ಸಲೀಸಾಗಿ ಜಾರಿಹೋಗಬೇಕು. ಅದು ಕಚ್ಚಬೇಕಾದುದು ಕತ್ತಿನ ಮರವನ್ನು ಮಾತ್ರ. ತಿರುಪು ಎರಡೂ ಮರಗಳನ್ನು ಕಚ್ಚಿದರೆ ಅವುಗಳ ನಡುವೆ ಇದ್ದ ಎಡೆ ಹಾಗೆಯೇ ಉಳಿದುಕೊಳ್ಳುತ್ತದೆ, ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಹೊರನೋಟಕ್ಕೆ ಬಿಗಿಯಾಗಿ ಕಾಣುವ ಇಂತಹ ಸಂಧಿಯು ತಂತಿಗಳನ್ನು ಬಿಗಿದ ಕೂಡಲೇ ಅಲುಗುತ್ತದೆ. ಸಾಮಾನ್ಯ ದಪ್ಪದ ಆರು ತಂತಿಗಳನ್ನು ಶ್ರುತಿಗೆ ತಂದಾಗ ಅವು ಕತ್ತನ್ನು ಸುಮಾರು 47 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯುತ್ತಿರುತ್ತವೆ ಎಂಬುದನ್ನು ಮರೆಯಬಾರದು.

ಕತ್ತಿನಲ್ಲಿ ರಂಧ್ರ ಕೊರೆಯುವ ಮುನ್ನ ಎರಡು ಅಂಚಿನ ತಂತಿಗಳ ಸ್ಥಾನದಲ್ಲಿ ದಾರ ಕಟ್ಟಿ, ಬೆರಳುಹಲಗೆಯ ಎರಡೂ ಬದಿಗಳಿಂದ ಸಮಾನ ಅಂತರವಿದೆಯೇ ಎಂದು ನೋಡಿಕೊಳ್ಳಬೇಕು. ಮೇಪಲ್ ಗಡಸು ಮರವಾದುದರಿಂದ ಮೊದಲೇ ಸೂಕ್ತ ಗಾತ್ರದ ರಂಧ್ರ ಕೊರೆದು, ತಿರುಪಿಗೆ ಸ್ವಲ್ಪ ಮೇಣ ಸವರಿ, ಕರ್ಣರೇಖೆಯ ಕ್ರಮದಲ್ಲಿ ಒಂದೊಂದಾಗಿ ಬಿಗಿಯುವುದು ರೂಢಿ.

ಅಳೆಯುವ ಕ್ರಮ

ಹೊಂದಾಣಿಕೆಯಲ್ಲಿ ಕ್ರಮವೇ ಮುಖ್ಯ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೈಹಾಕಿದರೆ ಮೊದಲಿನ ಕೆಲಸವೂ ಹಾಳಾಗುತ್ತದೆ.

ಮೊದಲನೆಯದಾಗಿ, ಬಳಸಬೇಕೆಂದಿರುವ ತಂತಿಗಳನ್ನೇ ಹಾಕಿ ಪೂರ್ಣ ಶ್ರುತಿಗೆ ತರಬೇಕು. ತಂತಿಯ ಎಳೆತವಿಲ್ಲದೆ ತೆಗೆದ ಅಳತೆಗೆ ಬೆಲೆಯಿಲ್ಲ.

ಎರಡನೆಯದಾಗಿ, ಕತ್ತಿನ ಬಾಗನ್ನು ನೋಡಬೇಕು. ತಂತಿಯು ಕಂಪಿಸಲು ಕತ್ತು ನಡುವೆ ಅತ್ಯಲ್ಪ ತಗ್ಗಾಗಿರಬೇಕು. ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒತ್ತಿ ಹಿಡಿದು, ಎಂಟನೆಯ ಮೆಟ್ಟಿಲಿನ ಮೇಲೆ ಉಳಿಯುವ ಎಡೆಯನ್ನು ಫೀಲರ್ ಗೇಜಿನಿಂದ ಅಳೆದರೆ ಸುಮಾರು 0.25 ಮಿ.ಮೀ. ಇರಬೇಕು. ಮೋಟಾರು ಗ್ಯಾರೇಜಿನಲ್ಲಿ ವಾಲ್ವ್ ಹೊಂದಿಸಲು ಬಳಸುವ ಗೇಜೇ ಇಲ್ಲಿಯೂ ಸಾಕು. ಈ ಬಾಗನ್ನು ಸರಿಪಡಿಸುವುದು ಕತ್ತಿನೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಗಿಬ್ಸನ್ ಸಂಸ್ಥೆಯ ಥಾಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಸ್ವಾಮ್ಯಪತ್ರ ದೊರೆತದ್ದು 1923ರಲ್ಲಿ. ಮೇಪಲ್ ಮರದ ಬಲವೇ ಸಾಕೆಂದು ನಂಬಿದ್ದ ಫೆಂಡರ್ ಅವರ 1950ರ ಆರಂಭದ ಗಿಟಾರುಗಳಲ್ಲಿ ಈ ಸರಳು ಇರಲಿಲ್ಲ. ಆ ವರ್ಷದ ಕೊನೆಯೊಳಗೆ ಅವರೂ ಅದನ್ನು ಅಳವಡಿಸಬೇಕಾಯಿತು. ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಂತಿ ಎತ್ತರವಾಗಿದೆಯೆಂದು ಸರಳನ್ನು ಬಿಗಿಯುತ್ತಾ ಹೋಗುವುದು ಸರಿಯಲ್ಲ: ಸರಳು ಬಾಗನ್ನು ಸರಿಪಡಿಸುತ್ತದೆ, ಕೋನವನ್ನು ಸರಿಪಡಿಸಲಾರದು. ಅತಿಯಾಗಿ ಬಿಗಿದರೆ ಅದು ಮುರಿಯಲೂಬಹುದು; ಆಗ ನಷ್ಟ ಇಡೀ ಕತ್ತಿನದು.

ಮೂರನೆಯದಾಗಿ ಗಟ್ಟೆ. ಒತ್ತದ ತಂತಿಯು ಮೊದಲ ಮೆಟ್ಟಿಲಿನ ಮೇಲೆ ಸುಮಾರು 0.5 ಮಿ.ಮೀ. ಎತ್ತರದಲ್ಲಿದ್ದರೆ ಸರಿ. ಸೀಳನ್ನು ಆಳಗೊಳಿಸುವುದು ಸುಲಭ, ತುಂಬುವುದು ಕಷ್ಟ. ಆದ್ದರಿಂದ ಅರವನ್ನು ನಿಧಾನವಾಗಿ ಬಳಸಬೇಕು.

ನಾಲ್ಕನೆಯದು ಕುದುರೆ. ಫೆಂಡರ್ ಮಾದರಿಯ ವಾದ್ಯಗಳಲ್ಲಿ 17ನೆಯ ಮೆಟ್ಟಿಲಿನ ಬಳಿ 1.6 ಮಿ.ಮೀ. ಎತ್ತರ ಸಾಮಾನ್ಯವಾಗಿ ಅಂಗೀಕೃತವಾದ ಅಳತೆ. ಆಸನದ ತಿರುಪು 3 ಮಿ.ಮೀ. ಮೆಟ್ರಿಕ್ ಗಾತ್ರದ್ದಾಗಿದ್ದರೆ ಒಂದು ಪೂರ್ಣ ಸುತ್ತಿಗೆ 0.5 ಮಿ.ಮೀ. ಏರಿಳಿತವಾಗುತ್ತದೆ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಅದು 0.25 ಮಿ.ಮೀ. ಆಗಿ ಕಾಣುತ್ತದೆ. ಬೆರಳುಹಲಗೆಯು ಅಡ್ಡಲಾಗಿ ಸ್ವಲ್ಪ ಕಮಾನಿನಂತಿರುವುದರಿಂದ ಆರು ಆಸನಗಳೂ ಅದೇ ಕಮಾನನ್ನು ಅನುಸರಿಸಬೇಕು. ಇವೆಲ್ಲ ಮುಗಿದ ಮೇಲೆಯೇ ಆಸನಗಳನ್ನು ಹಿಂದುಮುಂದು ಸರಿಸಿ ಸ್ವರಶುದ್ಧಿ ಮಾಡಬೇಕು.

ಪ್ಯಾಕಿಂಗ್ ಎಂಬ ಪರಿಹಾರ

ಕುದುರೆಯನ್ನು ಪೂರ್ತಿ ಇಳಿಸಿದರೂ ತಂತಿ ಎತ್ತರವಾಗಿಯೇ ಇದ್ದರೆ ಕತ್ತಿನ ಕೋನ ಬದಲಾಯಿಸದೆ ಗತ್ಯಂತರವಿಲ್ಲ. ಯಂತ್ರಶಾಲೆಗಳಲ್ಲಿ ನಾವು ಪ್ಯಾಕಿಂಗ್ ಎನ್ನುವುದನ್ನೇ ಗಿಟಾರು ತಯಾರಕರು ಷಿಮ್ ಎನ್ನುತ್ತಾರೆ. ತಂತಿಗಳನ್ನು ಸಡಿಲಿಸಿ, ಕತ್ತನ್ನು ಬಿಚ್ಚಿ, ಗುಳಿಯಲ್ಲಿ ಕುದುರೆಯ ಕಡೆಯ ತುದಿಗೆ 0.5 ಮಿ.ಮೀ. ದಪ್ಪದ ತೆಳು ಪಟ್ಟಿಯನ್ನಿಟ್ಟು ಮರಳಿ ಬಿಗಿದರೆ ಕತ್ತಿನ ತಲೆ ಹಿಂದಕ್ಕೆ ಬಾಗುತ್ತದೆ. ಕೋನದ ಬದಲಾವಣೆ 0.4 ಡಿಗ್ರಿಗೂ ಕಡಿಮೆ. ಆದರೆ ಮೇಲೆ ಹೇಳಿದ 3.4 ಪಟ್ಟಿನ ಲೆಕ್ಕ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಬೆರಳುಹಲಗೆಯ ಗೆರೆಯು ಕುದುರೆಯ ಬಳಿ ಸುಮಾರು 1.7 ಮಿ.ಮೀ. ಮೇಲೇರುತ್ತದೆ, ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿ ಸುಮಾರು 0.85 ಮಿ.ಮೀ. ತಗ್ಗುತ್ತದೆ. ನಮ್ಮ ಉದಾಹರಣೆಯ ವಾದ್ಯದಲ್ಲಿ 2.75 ಇದ್ದುದು 1.9ಕ್ಕೆ ಇಳಿಯುತ್ತದೆ. ಪಟ್ಟಿಯನ್ನು 0.6 ಮಿ.ಮೀ. ಮಾಡಿದರೆ ಕುದುರೆಯ ತಿರುಪಿಗೂ ಸ್ವಲ್ಪ ಅವಕಾಶ ಮಿಗುತ್ತದೆ.

ಇದಕ್ಕೆ ವಿರುದ್ಧವಾಗಿ, ಆಸನಗಳನ್ನು ಪೂರ್ತಿ ಏರಿಸಿದರೂ ತಂತಿ ಮೆಟ್ಟಿಲಿಗೆ ತಗುಲುತ್ತಿದ್ದರೆ ಪಟ್ಟಿಯನ್ನು ಗುಳಿಯ ಮುಂಭಾಗದಲ್ಲಿ ಇಡಬೇಕು.

ತುದಿಯಲ್ಲಿ ಮಾತ್ರ ಪಟ್ಟಿಯಿಟ್ಟಾಗ ಅದರ ಮುಂದೆ ಗುಳಿಯ ತಳಕ್ಕೂ ಕತ್ತಿಗೂ ನಡುವೆ ಪೊಳ್ಳು ಉಳಿಯುತ್ತದೆ. ತಿರುಪುಗಳ ಒತ್ತಡದಿಂದ ಕಾಲಾನುಕ್ರಮದಲ್ಲಿ ಕತ್ತಿನ ಹಿಮ್ಮಡಿ ಅಲ್ಲಿ ಬಾಗುವ ಸಂಭವವಿದೆ. ಇದನ್ನು ತಪ್ಪಿಸಲು ಇಡೀ ಗುಳಿಯನ್ನು ತುಂಬುವ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದಪ್ಪವಾಗುತ್ತ ಹೋಗುವ ಮರದ ಬೆಣೆಗಳು ಈಗ ಮಾರುಕಟ್ಟೆಯಲ್ಲಿವೆ. 0.25, 0.5 ಮತ್ತು 1 ಡಿಗ್ರಿ ಕೋನಗಳಲ್ಲಿ ಇವು ದೊರೆಯುತ್ತವೆ. ಮರಗೆಲಸ ಬಲ್ಲವರು ಇದನ್ನು ತಾವೇ ತಯಾರಿಸಿಕೊಳ್ಳಬಹುದು. ಮೆತ್ತನೆಯ ರಬ್ಬರು, ರಟ್ಟು ಮುಂತಾದವು ಒತ್ತಡಕ್ಕೆ ಕುಗ್ಗುವುದರಿಂದ ಸೂಕ್ತವಲ್ಲ.

ದೊಡ್ಡ ಕಾರ್ಖಾನೆಗಳ ಅನುಭವ

ಕೋನದ ಲೆಕ್ಕ ತಪ್ಪುವುದು ಮನೆಯ ಕಾರ್ಯಾಗಾರಕ್ಕೆ ಸೀಮಿತವೆಂದು ತಿಳಿಯಬೇಕಾಗಿಲ್ಲ. ಗಿಬ್ಸನ್ ಸಂಸ್ಥೆಯು 1952ರಲ್ಲಿ ತನ್ನ ಪ್ರಖ್ಯಾತ ಲೆಸ್ ಪಾಲ್ ಮಾದರಿಯನ್ನು ಮಾರುಕಟ್ಟೆಗೆ ತಂದಾಗ ಅದರ ಕತ್ತಿನ ಕೋನ ತೀರ ಕಡಿಮೆಯಿತ್ತು. ಪರಿಣಾಮವಾಗಿ ತಂತಿಗಳನ್ನು ಕುದುರೆಯ ಮೇಲಿನಿಂದ ಹಾಯಿಸಲಾಗದೆ ಅಡಿಯಿಂದ ಹಾಯಿಸಬೇಕಾಯಿತು. ನುಡಿಸುವವರು ಅಂಗೈಯನ್ನು ಕುದುರೆಯ ಮೇಲಿಟ್ಟು ನಾದವನ್ನು ತಡೆಯುವುದು ಅಸಾಧ್ಯವಾಯಿತು. 1953ರಲ್ಲಿ ಸಂಸ್ಥೆಯು ಕೋನವನ್ನು ಹೆಚ್ಚಿಸಿ, ಕುದುರೆಯ ವಿನ್ಯಾಸವನ್ನೇ ಬದಲಾಯಿಸಿತು. ಅಂಟಿಸಿದ ಕತ್ತುಗಳಾದುದರಿಂದ ಅದಾಗಲೇ ಮಾರಾಟವಾಗಿದ್ದ ವಾದ್ಯಗಳಿಗೆ ಸುಲಭದ ಪರಿಹಾರವಿರಲಿಲ್ಲ.

ಫೆಂಡರ್ ಸಂಸ್ಥೆಯ ಅನುಭವ ಇನ್ನೊಂದು ಬಗೆಯದು. 1971ರಲ್ಲಿ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಮೈಕ್ರೋ ಟಿಲ್ಟ್ ಎಂಬ ಸೌಲಭ್ಯ ಬಂದಿತು. ಕತ್ತನ್ನು ಬಿಚ್ಚದೆ, ಪಟ್ಟಿ ಇಡದೆ, ಹಿಂಬದಿಯ ಸಣ್ಣ ತಿರುಪೊಂದನ್ನು ತಿರುಗಿಸಿ ಕೋನ ಬದಲಾಯಿಸುವ ಉತ್ತಮ ಉಪಾಯವದು. ಜೊತೆಗೆ ನಾಲ್ಕು ತಿರುಪುಗಳ ಬದಲು ಮೂರು ಬಂದವು. ಆದರೆ ಅದೇ ಅವಧಿಯಲ್ಲಿ ಗುಳಿಗಳ ಅಳತೆ ಸಡಿಲವಾಗಿ ಹಲವು ವಾದ್ಯಗಳ ಕತ್ತು ಪಕ್ಕಕ್ಕೆ ಅಲುಗಾಡತೊಡಗಿತು. ಗ್ರಾಹಕರು ದೂರಿದ್ದು ಮಾತ್ರ ಮೂರು ತಿರುಪುಗಳನ್ನು. ಮುಂದೆ ಅದೇ ಸಂಸ್ಥೆಯ ನಾಲ್ಕು ತಿರುಪುಗಳ ಮಾದರಿಗಳಲ್ಲಿಯೂ ಮೈಕ್ರೋ ಟಿಲ್ಟ್ ಸಮರ್ಪಕವಾಗಿ ಕೆಲಸ ಮಾಡಿತು. ಅಳತೆಯಲ್ಲಿನ ಅಶಿಸ್ತು ಒಳ್ಳೆಯ ವಿನ್ಯಾಸಕ್ಕೂ ಕೆಟ್ಟ ಹೆಸರು ತರುತ್ತದೆ ಎಂಬುದಕ್ಕೆ ಇದು ನಿದರ್ಶನ.

ನಮ್ಮ ಬೀಟೆ ಮರ

ಈ ಉದ್ಯಮದೊಡನೆ ದಕ್ಷಿಣ ಭಾರತಕ್ಕೆ ನೇರ ಸಂಬಂಧವಿದೆ. ಪಶ್ಚಿಮ ಘಟ್ಟಗಳ ಬೀಟೆಯು ಗಿಟಾರಿನ ಬೆರಳುಹಲಗೆಗೆ ಜಗತ್ತಿನಲ್ಲಿ ಬಹು ಬೇಡಿಕೆಯ ಮರ. ಬ್ರೆಜಿಲ್ ದೇಶದ ಬೀಟೆ ವಿರಳವಾಗುತ್ತ ಬಂದಂತೆ ಅದರ ಸ್ಥಾನವನ್ನು ಭಾರತದ ಬೀಟೆ ಪಡೆಯಿತು.

ಇಲ್ಲಿಯೂ ಮಿಲಿಮೀಟರಿನ ಲೆಕ್ಕ ದೊಡ್ಡ ವಿವಾದಕ್ಕೆ ಕಾರಣವಾದುದುಂಟು. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಸಂಸ್ಥೆಯ ಕಾರ್ಖಾನೆಗಳಲ್ಲಿ ಭಾರತದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ವಶಪಡಿಸಿಕೊಂಡರು. 6 ಮಿ.ಮೀ. ಮೀರದ ತೆಳು ಹಲಗೆ ಒಂದು ಸುಂಕ ವರ್ಗಕ್ಕೆ, ಅದಕ್ಕಿಂತ ದಪ್ಪನೆಯ ಕೊಯ್ದ ಮರ ಇನ್ನೊಂದು ವರ್ಗಕ್ಕೆ ಸೇರುತ್ತದೆ. ಬೆರಳುಹಲಗೆಯ ತುಂಡು ಯಾವುದಕ್ಕೆ ಸೇರಬೇಕೆಂಬುದೇ ಪ್ರಶ್ನೆಯಾಗಿತ್ತು. 2012ರ ಆಗಸ್ಟ್‌ನ ಒಪ್ಪಂದದಲ್ಲಿ ಸಂಸ್ಥೆಯು ಮಡಗಾಸ್ಕರ್ ಕರಿಮರಕ್ಕೆ ಸಂಬಂಧಿಸಿ 3 ಲಕ್ಷ ಡಾಲರು ದಂಡ ತೆತ್ತಿತು. ಭಾರತದ ಮರ ಹಿಂದಿರುಗಿ ದೊರೆಯಿತು. ಮುಂದೆ 2017ರ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳೂ ಸೈಟ್ಸ್ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟವು. 2019ರ ನವೆಂಬರ್ 26ರಿಂದ ಪೂರ್ಣಗೊಂಡ ವಾದ್ಯಗಳಿಗೂ ಅವುಗಳ ಪೂರ್ಣಗೊಂಡ ಬಿಡಿಭಾಗಗಳಿಗೂ ವಿನಾಯಿತಿ ದೊರೆಯಿತು. ಅರೆಸಿದ್ಧ ಮರಕ್ಕಿಂತ ಸಿದ್ಧ ವಸ್ತುವನ್ನು ರಫ್ತು ಮಾಡುವುದರಲ್ಲಿಯೇ ಅನುಕೂಲವಿದೆ ಎಂಬ ಸೂಚನೆ ಇದರಲ್ಲಿದೆ. ಈ ವ್ಯವಹಾರಕ್ಕೆ ಇಳಿಯುವವರು ಆಯಾ ಕಾಲದ ನಿಯಮಗಳನ್ನು ಪರಿಶೀಲಿಸಿಕೊಳ್ಳುವುದು ಅಗತ್ಯ.

ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಬಿಡಿಭಾಗಗಳನ್ನು ಕೊಳ್ಳುವಾಗ ಬೆಲೆಯೊಡನೆ ಅಳತೆಯನ್ನೂ ಲಿಖಿತವಾಗಿ ಕೇಳಬೇಕು. ಗುಳಿಯ ಆಳ, ಹಿಮ್ಮಡಿಯ ದಪ್ಪ, ಕುದುರೆಯ ಕನಿಷ್ಠ ಮತ್ತು ಗರಿಷ್ಠ ಎತ್ತರ ಈ ನಾಲ್ಕು ಅಂಕಿಗಳನ್ನು ಜೋಡಣೆಗೆ ಮುನ್ನವೇ ಕಾಗದದ ಮೇಲೆ ಕೂಡಿ ಕಳೆದು ನೋಡಿದರೆ ಆಗಬಹುದಾದ ನಷ್ಟ ಅಲ್ಲಿಯೇ ತಿಳಿಯುತ್ತದೆ. ಎತ್ತರದ ಕುದುರೆಯನ್ನು ಸಮತಟ್ಟಾದ ಕತ್ತಿಗೆ ಜೋಡಿಸುವ ಸಾಮಾನ್ಯ ತಪ್ಪು ಈ ಒಂದು ಲೆಕ್ಕದಿಂದ ನಿವಾರಣೆಯಾಗುತ್ತದೆ.

ಹವಾಮಾನವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಬಳ್ಳಾರಿಯ ಬೇಸಿಗೆಯಲ್ಲಿ ಹೊಂದಿಸಿದ ವಾದ್ಯ ಮಂಗಳೂರಿನ ಮಳೆಗಾಲದಲ್ಲಿ ಹಾಗೆಯೇ ಉಳಿಯದು. ಮರ ತೇವವನ್ನು ಹೀರಿ ಕತ್ತಿನ ಬಾಗು ಬದಲಾಗುತ್ತದೆ. ಮಾರಾಟದ ನಂತರ ಒಮ್ಮೆ ಉಚಿತವಾಗಿ ಹೊಂದಿಸಿಕೊಡುವ ಭರವಸೆ ಮತ್ತು ವಾದ್ಯದೊಡನೆ ಅಳತೆಗಳನ್ನು ಬರೆದ ಒಂದು ಚೀಟಿ ಇವೆರಡಕ್ಕೆ ತಗಲುವ ವೆಚ್ಚ ಅತ್ಯಲ್ಪ. ಗ್ರಾಹಕನು ವಾದ್ಯವನ್ನು ಹಿಂದಿರುಗಿಸುವುದಕ್ಕಿಂತ ಹೊಂದಿಸಿಕೊಳ್ಳಲು ಮರಳಿ ಬರುವುದು ಉದ್ಯಮಿಗೆ ಲಾಭ.

ಪ್ಯಾಕಿಂಗ್ ಬಳಸುವುದನ್ನು ಕೆಲವರು ಕೆಲಸದ ಕೊರತೆಯೆಂದು ಭಾವಿಸಿ ಮುಚ್ಚಿಡುವುದುಂಟು. ಆದರೆ ಎಲ್ಲ ಅಳತೆಗಳೂ ಶೂನ್ಯ ದೋಷದಿಂದ ಕೂಡಿಬರುವ ಕಾರ್ಖಾನೆ ಎಲ್ಲಿಯೂ ಇಲ್ಲ. ದೋಷವು ಎಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ಮೊದಲೇ ಅರಿತು, ಅಲ್ಲಿಯೇ ಸರಿಪಡಿಸಲು ಒಂದು ತಿರುಪು ಅಥವಾ ಒಂದು ಬೆಣೆಗೆ ಎಡೆಯಿಟ್ಟುಕೊಳ್ಳುವುದು ಒಳ್ಳೆಯ ತಯಾರಿಕೆಯ ಲಕ್ಷಣವೇ ಆಗಿದೆ. ಪಂಪು, ಬಾಗಿಲು, ಕೃಷಿ ಸಲಕರಣೆ, ಯಾವುದನ್ನೇ ತಯಾರಿಸುವವರಾಗಲಿ, ತಮ್ಮ ಉತ್ಪನ್ನದಲ್ಲಿ ಆ ಸ್ಥಾನ ಎಲ್ಲಿದೆ ಎಂದು ಒಮ್ಮೆ ಅಳೆದು ನೋಡುವುದು ಲಾಭದಾಯಕ.